ಕಿನ್ನರಿಯವನ ಕೂಲಿ

ಬೊಮ್ಮನಹಳ್ಳಿಯ ಕಿಂದರಿಜೋಗಿಯ ಕಥೆ ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಇಲಿಗಳ ಕಾಟ ತಪ್ಪಿಸಿದವನಿಗೆ ಊರಿನ ಗೌಡ ಒಪ್ಪಿದ ಹಣ ಕೊಡಲಿಲ್ಲ. ಜೋಗಿ ಊರಿನ ಮಕ್ಕಳನ್ನೇ ಕರೆದುಕೊಂಡು ಹೊರಟುಬಿಟ್ಟ. ಕುವೆಂಪು ಅವರ ಆ ಕವನದಲ್ಲಿ ನಮಗೆ ಇಲಿಗಳ ಸಾಲು ನೆನಪಿದೆ, ಮಕ್ಕಳ ಮೆರವಣಿಗೆ ನೆನಪಿದೆ. ಜಗಳ ಶುರುವಾದದ್ದು ಹಾಡುಗಾರನ ಕೂಲಿಯಿಂದ ಎನ್ನುವುದು ಮಾತ್ರ ಮರೆತುಹೋಗಿದೆ.

ಅಂಥದ್ದೇ ಒಂದು ಕಥೆ ಹೈದರಾಬಾದಿನಲ್ಲಿ ನಡೆಯಿತು. 2024ರ ಮೇ ತಿಂಗಳಲ್ಲಿ ನಗರದ ಅಂಚಿನ ತುರ್ಕಯಾಂಜಾಲ್‌ನಲ್ಲಿ, ಕಟ್ಟಡವೊಂದರ ಕೆಲಸದಲ್ಲಿ ದಿನಗೂಲಿ ಮಾಡುತ್ತಿದ್ದ ವಯಸ್ಸಾದ ಒಬ್ಬರ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಅವರು ದರ್ಶನಂ ಮೊಗಿಲಯ್ಯ. 2022ರಲ್ಲಿ ಪದ್ಮಶ್ರೀ ಪಡೆದ ಕಿನ್ನೆರ ಕಲಾವಿದ.

ನಾಗರಕರ್ನೂಲ್ ಜಿಲ್ಲೆಯ ಅವುಸಲಿಕುಂಟ ಅವರ ಊರು, ದಕ್ಕಲಿ ಅವರ ಸಮುದಾಯ. ಮಾದಿಗರ ಕುಲಪುರಾಣ ಹಾಡುವುದು ಈ ಜನರ ತಲೆತಲಾಂತರದ ಕೆಲಸ. ಅದಕ್ಕೆ ಸಿಗುತ್ತಿದ್ದ ಕಾಳು, ಕಾಸು ಭಿಕ್ಷೆಯಾಗಿರಲಿಲ್ಲ, ಹಕ್ಕಿನ ಪಾಲಾಗಿತ್ತು. ನಮ್ಮಲ್ಲೂ ದಕ್ಕಲರಿದ್ದಾರೆ, ಕೆ.ಬಿ. ಸಿದ್ದಯ್ಯನವರ ‘ದಕ್ಲಕಥಾ ದೇವಿಕಾವ್ಯ’ ಅವರ ಹೆಸರನ್ನೇ ಹೊತ್ತಿದೆ. ಕಿನ್ನೆರ ಎಂದರೆ ನಮ್ಮ ಕಿನ್ನರಿಯೇ, ಅದೂ ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯನಿಗೆ ಅದನ್ನು ನುಡಿಸುವುದೇ ಕಾಯಕವಾಗಿತ್ತು. ಕಿನ್ನರಿ ಜೋಗಿಗಳು ಮನೆಮನೆಯ ಮುಂದೆ ನಿಂತು ಕಥೆ ಹಾಡಿದ್ದನ್ನು ಕೇಳಿದ ಹಿರಿಯರು ಈಗಲೂ ಇದ್ದಾರೆ.

ಮೊಗಿಲಯ್ಯನವರ ಕಿನ್ನೆರದಲ್ಲಿ ಹನ್ನೆರಡು ಮೆಟ್ಟಿಲು. ಉದ್ದನೆಯ ಬಿದಿರಿನ ದಂಡಿಗೆ ಕೆಳಗೆ ಒಣ ಸೋರೆಬುರುಡೆ ಕಟ್ಟಿ, ಮೇಲೆ ತಂತಿ ಎಳೆದು, ಮೆಟ್ಟಿಲುಗಳನ್ನು ಜೇನುಮೇಣದಿಂದ ಕೂರಿಸಿದ ವಾದ್ಯ ಅದು. ಅದನ್ನು ಹೆಗಲಿಗೆ ಹಾಕಿಕೊಂಡು ಪಂಡುಗ ಸಾಯನ್ನನಂಥ ಬಡವರ ಪರವಾದ ವೀರರ ಕಥೆಯನ್ನು ಅವರು ಊರೂರು ಸುತ್ತಿ ಹಾಡಿದರು. 2021ರಲ್ಲಿ ‘ಭೀಮ್ಲಾ ನಾಯಕ್’ ಚಿತ್ರದ ಶೀರ್ಷಿಕೆ ಗೀತೆಯ ಮೊದಲಿಗೆ ಬರುವ ಸಾಲುಗಳನ್ನು ಅವರಿಂದ ಹಾಡಿಸಿದರು. ಬೀದಿಯ ದನಿ ಒಂದೇ ದಿನದಲ್ಲಿ ತೆಲುಗು ನಾಡಿನ ಮನೆಮನೆ ಹೊಕ್ಕಿತು. ಮರುವರ್ಷ ಪದ್ಮಶ್ರೀ ಬಂತು. ತೆಲಂಗಾಣ ಸರ್ಕಾರ ಒಂದು ಕೋಟಿ ರೂಪಾಯಿ ಮತ್ತು ಮನೆ ಕಟ್ಟಲು ಜಾಗ ಘೋಷಿಸಿತು.

ಹಾಗಾದರೆ ಎರಡೇ ವರ್ಷದಲ್ಲಿ ಕೂಲಿ ಯಾಕೆ? ಅವರೇ ಪತ್ರಿಕೆಗಳಿಗೆ ಹೇಳಿಕೊಂಡಂತೆ, ಹಣ ಮಕ್ಕಳ ಮದುವೆಗೆ ಹೋಯಿತು, ಜಾಗ ಕೊಳ್ಳುವುದಕ್ಕೆ ಹೋಯಿತು, ಮನೆ ಅರ್ಧಕ್ಕೆ ನಿಂತಿತು. ಔಷಧಿಯ ಖರ್ಚು ನಿಲ್ಲಲಿಲ್ಲ. ತಿಂಗಳಿಗೆ ಬರುತ್ತಿದ್ದ ಹತ್ತು ಸಾವಿರದ ಗೌರವಧನ ಮಾತ್ರ ನಿಂತಿತು. ಕೋಟಿ ಕೈಗೆ ಬಂದರೂ ಉಳಿಸಿಕೊಳ್ಳಲಿಲ್ಲವಲ್ಲ ಎಂದು ಮೂಗು ಮುರಿದವರೂ ಇದ್ದರು. ಮದುವೆ, ಸೈಟು, ಮನೆ, ಆಸ್ಪತ್ರೆ ಎಂದು ನಮ್ಮ ನಿಮ್ಮ ಮನೆಗಳ ಗಂಟೂ ಹೀಗೆಯೇ ಕರಗುತ್ತದೆ. ಆದರೂ ನಾವು ಬೀದಿಗೆ ಬೀಳುವುದಿಲ್ಲ. ಯಾಕೆಂದರೆ ತಿಂಗಳ ಮೊದಲ ತಾರೀಕು ಸಂಬಳ ಬರುತ್ತದೆ. ಹಾಡುಗಾರನಿಗೆ ಆ ಮೊದಲ ತಾರೀಕು ಇಲ್ಲ. ಸನ್ಮಾನ ಒಂದು ಸಲ ಬರುತ್ತದೆ, ಹಸಿವು ದಿನಾ ಬರುತ್ತದೆ.

ಇದೇ ಸೋರೆಬುರುಡೆಯ ಇನ್ನೊಂದು ಕಥೆ ಅಮೆರಿಕದಲ್ಲಿದೆ. ಆಫ್ರಿಕಾದಿಂದ ಗುಲಾಮರಾಗಿ ಹೋದವರು ಬುರುಡೆಗೆ ಚರ್ಮ ಬಿಗಿದು, ತಂತಿ ಕಟ್ಟಿ ನುಡಿಸಿದ್ದೇ ಮುಂದೆ ಬ್ಯಾಂಜೊ ಆಯಿತು. ಹಳ್ಳಿಯ ಹಾಡು, ಕರಿಯರ ಬ್ಲೂಸ್, ಚರ್ಚಿನ ಗಾಸ್ಪೆಲ್, ಎಲ್ಲವೂ ಸೇರಿದ ಬೇರಿನ ಸಂಗೀತವನ್ನು ಅಲ್ಲಿ ಅಮೆರಿಕಾನಾ ಎನ್ನುತ್ತಾರೆ. ಈ ಹೆಸರಿನಲ್ಲಿ 1995ರಲ್ಲಿ ರೇಡಿಯೊ ಪಟ್ಟಿ ಬಂತು, 1999ರಲ್ಲಿ ಕಲಾವಿದರ ಮತ್ತು ಉದ್ಯಮದವರ ಸಂಘ ಬಂತು, 2010ರಲ್ಲಿ ಗ್ರ್ಯಾಮಿಯೇ ಪ್ರತ್ಯೇಕ ಪ್ರಶಸ್ತಿ ಇಟ್ಟಿತು. ಹೆಸರಿನ ಜತೆಗೆ ಹಾಡುವ ಜಾಗ ಬಂತು, ಉತ್ಸವ ಬಂತು, ಟಿಕೆಟ್ ಕೊಳ್ಳುವ ಕೇಳುಗ ಬಂದ. ಅಲ್ಲಿಯೂ ಎಲ್ಲರೂ ಸುಖವಾಗಿಲ್ಲ. ಹಗಲು ಬೇರೆ ಕೆಲಸ ಮಾಡಿ ಸಂಜೆ ಸಣ್ಣ ಸಭೆಗಳಲ್ಲಿ ಹಾಡುವವರೇ ಹೆಚ್ಚು. ಆದರೆ ಮುಂದೆ ಹೋಗುವುದಕ್ಕೆ ದಾರಿ ಎಂಬುದೊಂದಿದೆ.

ರಿಯಾನನ್ ಗಿಡೆನ್ಸ್ ಎಂಬ ಕಪ್ಪು ಗಾಯಕಿ ಆ ದಾರಿಯಲ್ಲಿ ನಡೆದು ಬಂದವರು. ತಾವೇ ಹಾಡು ಕಟ್ಟಿ ಹಾಡುವ ಅವರು, ಬ್ಯಾಂಜೊ ನಮ್ಮವರದು ಎಂದು ಊರೂರಿಗೆ ನೆನಪಿಸಿದರು. ಇನ್ನೊಬ್ಬರ ಜತೆಯಾಗಿ ರಚಿಸಿದ ಒಪೆರಾಕ್ಕೆ 2023ರಲ್ಲಿ ಪುಲಿಟ್ಜರ್ ಪಡೆದರು. 2024ರಲ್ಲಿ ಬಿಯಾನ್ಸೆಯ ಜನಪ್ರಿಯ ಗೀತೆ ‘ಟೆಕ್ಸಾಸ್ ಹೋಲ್ಡ್ ಎಮ್’ನಲ್ಲಿ ಕೇಳುವ ಬ್ಯಾಂಜೊ ಅವರದೇ. ತಾರೆಯ ಹಾಡು ಅವರಿಗೆ ಹತ್ತು ಕೆಲಸಗಳ ನಡುವಿನ ಇನ್ನೊಂದು ಕೆಲಸ. ಮೊಗಿಲಯ್ಯನವರಿಗೆ ಅಂಥ ಹಾಡು ಸಿಕ್ಕ ಮೇಲೆ ಮುಂದಿನ ಕೆಲಸವೇ ಇರಲಿಲ್ಲ.

ಹೈದರಾಬಾದ್ ಹಾಡನ್ನು ಅರಿಯದ ಊರಲ್ಲ. ಬ್ಯಾಂಕಿನ ಗುಮಾಸ್ತಿಕೆ ಬಿಟ್ಟು ಗಜ್ಜೆ ಕಟ್ಟಿದ ಹಾಡುಗಾರ ಗದ್ದರ್ ಅಲ್ಲಿದ್ದರು. ಶಾಲೆಯ ಮೆಟ್ಟಿಲು ಹತ್ತದ ಅಂದೆಶ್ರೀ ಬರೆದ ಹಾಡು 2024ರಲ್ಲಿ ತೆಲಂಗಾಣದ ನಾಡಗೀತೆಯಾಯಿತು. ಪ್ರತ್ಯೇಕ ರಾಜ್ಯದ ಚಳವಳಿ ನಡೆದದ್ದೇ ಹಾಡಿನ ಬಲದ ಮೇಲೆ. ರಾಜ್ಯ ಬಂದ ಮೇಲೆ ಸರ್ಕಾರ ‘ಸಾಂಸ್ಕೃತಿಕ ಸಾರಥಿ’ ಕಟ್ಟಿ ಐನೂರಕ್ಕೂ ಹೆಚ್ಚು ಜನಪದ ಕಲಾವಿದರಿಗೆ ಸಂಬಳ ಕೊಟ್ಟಿತು. ಒಳ್ಳೆಯದೇ. ಆದರೆ ಸಂಬಳ ಕೊಡುವವರ ಯೋಜನೆಗಳನ್ನೇ ಹಾಡಬೇಕಾದಾಗ ಹಾಡಿನ ನಾಲಿಗೆ ಸಣ್ಣದಾಗುತ್ತದೆ. ಹಾಡುಗಾರ ಯಾರ ಹಂಗಿಗೂ ಬೀಳದಿರಬೇಕಾದರೆ ಅವನಿಗೆ ಕೇಳುಗರೇ ಕೂಲಿ ಕೊಡಬೇಕು. ಹಿಂದೆ ಊರಿನವರು ಅದನ್ನೇ ಮಾಡುತ್ತಿದ್ದರು. ಆ ಕಾಳಿನ ಪಾಲು ಜಾತಿಯ ಕಟ್ಟುಪಾಡಿನೊಳಗಿನದ್ದು, ಅದು ಹೋದದ್ದಕ್ಕೆ ಅಳಬೇಕಿಲ್ಲ. ಅದರ ಜಾಗಕ್ಕೆ ಗೌರವದ ಕೂಲಿ ಬರಲಿಲ್ಲವಲ್ಲ, ಕೊರಗಬೇಕಾದದ್ದು ಅದಕ್ಕೆ.

ನಮ್ಮ ಕಡೆಯ ಕಥೆಯೂ ಬೇರೆಯಲ್ಲ. ತತ್ವಪದದವರನ್ನು, ತಂಬೂರಿಯವರನ್ನು, ಚೌಡಿಕೆಯವರನ್ನು ವೇದಿಕೆಗೆ ಕರೆಯುತ್ತೇವೆ. ಶಾಲು, ಹಾರ, ಫೋಟೊ ಎಲ್ಲ ಆದ ಮೇಲೆ ಬಸ್ ಚಾರ್ಜಿನ ಲಕೋಟೆ ಕೈಗಿಡುತ್ತೇವೆ. ಅದೇ ಸಂಜೆಯ ಪೆಂಡಾಲಿನವರಿಗೆ, ಮೈಕಿನವರಿಗೆ, ಅಡುಗೆಯವರಿಗೆ ಮೊದಲೇ ಮಾತಾಡಿದ ದುಡ್ಡನ್ನು ಚೌಕಾಶಿ ಇಲ್ಲದೆ ಎಣಿಸುತ್ತೇವೆ.

ಈ ನವೆಂಬರಿನಲ್ಲಿ ನಿಮ್ಮ ಕಾಲೇಜಿನಲ್ಲೋ, ಬಡಾವಣೆಯಲ್ಲೋ ರಾಜ್ಯೋತ್ಸವ ನಡೆಯುತ್ತದೆ. ಒಬ್ಬ ಜನಪದ ಹಾಡುಗಾರರನ್ನು ಕರೆಯಿರಿ. ಎಷ್ಟು ಕೊಡುತ್ತೀರಿ ಎಂಬುದನ್ನು ಮೊದಲೇ ಮಾತಾಡಿ, ಮೈಕಿನವರಿಗಿಂತ ಕಡಿಮೆ ಆಗದಂತೆ ನೋಡಿಕೊಳ್ಳಿ, ಹಾಡು ಮುಗಿದ ದಿನವೇ ಕೊಡಿ. ಮುಂದಿನ ವರ್ಷ ಅವರನ್ನೇ ಮತ್ತೆ ಕರೆಯಿರಿ. ಶಾಲು ಇಲ್ಲದಿದ್ದರೂ ನಡೆಯುತ್ತದೆ.