ಕಣಿವೆಯ ಆಚೆಯ ಹಕ್ಕಿ

ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳಲ್ಲಿ, ನೆಲದ ಮೇಲೆ ಹುಳ ಹೆಕ್ಕುತ್ತ ಓಡಾಡುವ ಪುಟ್ಟ ನೀಲಿ ಹಕ್ಕಿ ಶೋಲಾಕಿಲಿ. ಬಾಬಾಬುಡನ್‌ಗಿರಿ, ಬ್ರಹ್ಮಗಿರಿ, ನೀಲಗಿರಿಗಳಲ್ಲಿ ಅದರ ಪಕ್ಕೆಗಳು ಇಟ್ಟಿಗೆಗೆಂಪು. ಪಾಲಕ್ಕಾಡ್ ಕಣಿವೆ ದಾಟಿ ಆನೆಮಲೆ, ಪಳನಿ ಬೆಟ್ಟಗಳಿಗೆ ಹೋದರೆ ಅಲ್ಲಿರುವ ಹಕ್ಕಿಗೆ ಆ ಕೆಂಪಿಲ್ಲ. ಪಕ್ಕೆ ನೀಲಿ, ಹೊಟ್ಟೆ ಬಿಳಿ.

ಕಣಿವೆಯ ಅಗಲ ಸುಮಾರು 30–40 ಕಿ.ಮೀ. ರೆಕ್ಕೆಯಿರುವ ಜೀವಿಗೆ ಅದೇನು ಮಹಾ ದೂರ ಎನಿಸಬಹುದು. ಆದರೆ ತಂಪು, ಮಬ್ಬುಗತ್ತಲಿಗೆ ಒಗ್ಗಿಹೋದ ಈ ಹಕ್ಕಿಗೆ ಆ ಬಿಸಿಲ ಬಯಲು ಕಡಲಿದ್ದಂತೆ. ಎರಡೂ ಕಡೆಯವು ಕೂಡುವುದು ನಿಂತ ಮೇಲೆ, ಒಂದು ಕಡೆ ವಂಶವಾಹಿಯಲ್ಲಿ ಆಗುವ ಬದಲಾವಣೆ ಇನ್ನೊಂದು ಕಡೆಗೆ ತಲುಪುವುದಿಲ್ಲ. ಕೆಲವು ಬದಲಾವಣೆಗಳನ್ನು ನಿಸರ್ಗದ ಆಯ್ಕೆ ಉಳಿಸುತ್ತದೆ. ಕೆಲವು ಬರೀ ಆಕಸ್ಮಿಕವಾಗಿ ಉಳಿದುಬಿಡುತ್ತವೆ, ಅದರಲ್ಲೂ ಸಂಖ್ಯೆ ಕಡಿಮೆಯಿದ್ದಲ್ಲಿ. ತಲೆಮಾರುಗಳು ಉರುಳಿದಂತೆ ಅಂತರ ಬೆಳೆಯುತ್ತದೆ.

ಇಲ್ಲಿಂದ ಮುಂದಿನದು ತತ್ತ್ವಶಾಸ್ತ್ರದ ತೊಡಕು. ತಮ್ಮತಮ್ಮಲ್ಲೇ ಕೂಡಿ ಸಂತಾನ ಬೆಳೆಸುವ, ಬೇರೆಯವುಗಳೊಂದಿಗೆ ಹಾಗೆ ಬೆರೆಯದ ಗುಂಪೇ ಪ್ರಭೇದ ಎಂದು ಜೀವವಿಜ್ಞಾನಿ ಅರ್ನ್ಸ್ಟ್ ಮಯರ್ 1942ರಲ್ಲಿ ವಿವರಿಸಿದರು. ಆದರೆ ಎಂದೂ ಭೇಟಿಯಾಗದ ಎರಡು ಗುಂಪುಗಳು ಬೆರೆಯುತ್ತವೋ ಇಲ್ಲವೋ ಎಂದು ಹೇಳುವುದು ಹೇಗೆ? ಹೊಸ ಪ್ರಭೇದಗಳನ್ನು ಹುಟ್ಟಿಸುವ ದೂರವೇ ಅವನ್ನು ಪರೀಕ್ಷಿಸುವ ದಾರಿಯನ್ನೂ ಮುಚ್ಚುತ್ತದೆ.

ಕೆಲವೊಮ್ಮೆ ಪರೀಕ್ಷೆ ಸಾಧ್ಯ. ಸುಮಾರು 30 ಲಕ್ಷ ವರ್ಷಗಳ ಹಿಂದೆ ಪನಾಮಾ ಭೂಸಂಧಿ ಮೇಲೆದ್ದು ಎರಡು ಸಾಗರಗಳನ್ನು ಬೇರ್ಪಡಿಸಿತು. ಆಚೀಚೆ ಉಳಿದ ಸೀಗಡಿಗಳ ಗಂಡು–ಹೆಣ್ಣುಗಳನ್ನು ಜೀವವಿಜ್ಞಾನಿ ನ್ಯಾನ್ಸಿ ನೋಲ್ಟನ್ ಮತ್ತು ಸಂಗಡಿಗರು ಒಟ್ಟಿಗೆ ಬಿಟ್ಟು ನೋಡಿದರು. ನೋಡಲು ಒಂದೇ ಥರ ಇದ್ದರೂ ಹೆಚ್ಚಿನವು ಜೋಡಿಯಾಗುವ ಬದಲು ಕಾದಾಡಿದವು.

ಶೋಲಾಕಿಲಿಯ ವಿಷಯದಲ್ಲಿ ಗರಿ, ಹಾಡು, ವಂಶವಾಹಿಗಳನ್ನು ಹೋಲಿಸಿಯೇ ತೀರ್ಮಾನಿಸಬೇಕು. ಪಕ್ಷಿತಜ್ಞ ಸಲೀಂ ಅಲಿಯವರ ಕಾಲದಲ್ಲಿ ಇವೆರಡೂ ಒಂದೇ ಪ್ರಭೇದದ ಉಪಪ್ರಭೇದಗಳು. ಈಗ ಬೇರೆ ಬೇರೆ ಪ್ರಭೇದಗಳು. ಈ ನಡುವೆ ಹಕ್ಕಿ ಬದಲಾಗಲಿಲ್ಲ. ಹಾಗೆಂದು ನಾವೆಳೆದ ಗೆರೆ ಬರೀ ಕಲ್ಪನೆ ಎಂದು ನಾನು ಒಪ್ಪಲಾರೆ. ಅವು ಬೇರಾಗಿರುವುದು ದಿಟ. ಎಷ್ಟು ಬೇರಾದಾಗ ಎರಡನೆಯ ಹೆಸರು ಕೊಡಬೇಕು ಎಂಬುದಷ್ಟೇ ನಮ್ಮ ವಿವೇಚನೆಗೆ ಬಿಟ್ಟದ್ದು. ಒಂದೇ ಎಂದು ಬರೆದುಕೊಂಡರೆ, ಕಣಿವೆಯ ಉತ್ತರದಲ್ಲಿ ಹಕ್ಕಿ ಅಳಿದರೂ ‘ದಕ್ಷಿಣದಲ್ಲಿದೆಯಲ್ಲ’ ಎಂದು ಸುಮ್ಮನಿರಬಹುದು. ಎರಡು ಎಂದು ಒಪ್ಪಿದ ಮೇಲೆ, ತೋಟಗಳ ನಡುವೆ ಉಳಿದಿರುವ ಉತ್ತರದ ಶೋಲಾ ತುಣುಕುಗಳಿಗೆ ಬದಲಿಯೇ ಇಲ್ಲ.