ಅವ್ವನಿಗೊಂದು ಓಟು, ನನಗೆರಡು

ನಮ್ಮ ರಾಜ್ಯದ ಶಾಸಕಾಂಗಕ್ಕೆ ಎರಡು ಮನೆ. ವಿಧಾನಸಭೆಯನ್ನು ಕೆಳಮನೆ ಅಂತಾರೆ, ವಿಧಾನ ಪರಿಷತ್ತನ್ನು ಮೇಲ್ಮನೆ ಅಂತಾರೆ. ಮೇಲುಕೇರಿ ಕೆಳಗೇರಿ ಅಂತ ಊರನ್ನೇ ಸೀಳಿಟ್ಟ ನಾಡಿನಲ್ಲಿ ಈ ಹೆಸರುಗಳು ಯಾರ ನಾಲಿಗೆಗೂ ಕಹಿ ಅನ್ನಿಸಲಿಲ್ಲ. ಮೇಲ್ಮನೆಗೆ ಇನ್ನೊಂದು ಬಿರುದೂ ಉಂಟು: ಚಿಂತಕರ ಚಾವಡಿ. ಊರ ಚಾವಡಿಯ ಕಟ್ಟೆ ಹತ್ತದೆ, ಕೈಕಟ್ಟಿ ಕೆಳಗೆ ನಿಂತು ತೀರ್ಪು ಕೇಳಿದ ಜನ ನಾವು. ಚಾವಡಿ ಅಂದ ಕೂಡಲೆ ನಮಗೆ ನೆನಪಾಗೋದು ಚಿಂತನೆಯಲ್ಲ, ದಂಡ.

ಕೆಳಮನೆಯ ಲೆಕ್ಕ ಸರಳ. 224 ಸ್ಥಾನ. ಅದರಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ. ಹದಿನೆಂಟು ತುಂಬಿದ ಮೇಲೆ ಗೌಡನಿಗೂ ಒಂದೇ ಓಟು, ಅವನ ಹೊಲದಲ್ಲಿ ಕಳೆ ಕೀಳುವವಳಿಗೂ ಒಂದೇ ಓಟು. ಮೀಸಲು ಕ್ಷೇತ್ರದಲ್ಲಿ ಗೆದ್ದವನು ಯಾರ ಮಾತು ಕೇಳುತ್ತಾನೆ ಅನ್ನೋ ಜಗಳ 1932ರ ಪೂನಾ ಒಪ್ಪಂದದಿಂದಲೂ ಇದೆ. ಅದನ್ನು ಇವತ್ತು ಇಲ್ಲಿಗೆ ಎಳೆಯೋದಿಲ್ಲ.

ಮೇಲ್ಮನೆಯ ಲೆಕ್ಕ ಬೇರೆ. ಅಲ್ಲಿ 75 ಜನ. 25 ಜನರನ್ನು ಶಾಸಕರು ಆರಿಸುತ್ತಾರೆ. 25 ಜನರನ್ನು ಪಂಚಾಯ್ತಿ, ಪುರಸಭೆಗಳ ಸದಸ್ಯರು ಆರಿಸುತ್ತಾರೆ. 11 ಜನರನ್ನು ರಾಜ್ಯಪಾಲರು ಹೆಸರಿಸುತ್ತಾರೆ. ಉಳಿದ 14ರಲ್ಲಿ 7 ಶಿಕ್ಷಕರ ಕ್ಷೇತ್ರ, 7 ಪದವೀಧರರ ಕ್ಷೇತ್ರ. ಪರಿಶಿಷ್ಟರಿಗೆ ಮೀಸಲು ಎಷ್ಟು? ಒಂದೂ ಇಲ್ಲ. ಸಂವಿಧಾನದ 332ನೇ ವಿಧಿಯ ಮೀಸಲಾತಿ ವಿಧಾನಸಭೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ನನ್ನ ತಕರಾರು ಆ ಏಳು ಪದವೀಧರ ಸ್ಥಾನಗಳ ಬಗ್ಗೆ. ನಮ್ಮ ವಂಶದಲ್ಲಿ ಡಿಗ್ರಿ ಮುಟ್ಟಿದವನು ನಾನೇ ಮೊದಲು. ಡಿಗ್ರಿ ಬಂದು ಮೂರು ವರ್ಷ ಆದ ಮೇಲೆ 171ನೇ ವಿಧಿ ನನ್ನ ಕೈಗೆ ಇನ್ನೊಂದು ಓಟು ಇಟ್ಟಿತು. ನಮ್ಮವ್ವ ಹೆಬ್ಬೆಟ್ಟು. ಅವಳಿಗೆ ಅದೇ ಒಂದು. ಈ ವಿಷಯ ಹೇಳಿದಾಗ ಅವಳು ಒಲೆ ಊದುತ್ತಾ ಕೇಳಿದಳು: "ಯಾಕ್ಲಾ, ನಿಂಗೇನು ಎಲ್ಡು ಹೊಟ್ಟೆ ಅವಾ?"

ಮೇಷ್ಟ್ರುಗಳೇ, ಈ ಪ್ರಶ್ನೆಗೆ ಉತ್ತರ ನಿಮ್ಮಲ್ಲಿ ಇದೆಯೆ? ಓದಿದವನಿಗೆ ಹೆಚ್ಚು ತಿಳಿಯುತ್ತದೆ, ಆದ್ದರಿಂದ ಅವನ ಮಾತಿಗೆ ಹೆಚ್ಚು ತೂಕ ಅನ್ನೋದು ಈ ಓಟಿನ ಹಿಂದಿರುವ ನಂಬಿಕೆ. ಇದು ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ಆಸ್ತಿ, ಕಂದಾಯ, ಓದು ನೋಡಿ ಓಟು ಕೊಡುತ್ತಿದ್ದರು. 1929ರಲ್ಲಿ ಸೈಮನ್ ಆಯೋಗಕ್ಕಾಗಿ ಬರೆದ ವರದಿಯಲ್ಲಿ ಬಾಬಾಸಾಹೇಬರು ಇದನ್ನು ಸುಲಿದು ತೋರಿಸಿದರು. ಓದು ಬರದವನು ಬುದ್ಧಿ ಇಲ್ಲದವನು ಅನ್ನೋದೂ ತಪ್ಪು, ಓದಿದ ಮಾತ್ರಕ್ಕೆ ಬುದ್ಧಿ ಹೆಚ್ಚುತ್ತದೆ ಅನ್ನೋದೂ ತಪ್ಪು ಅಂತ ವಾದಿಸಿದರು. ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯ ಹೇಳಿದ ಮಾತಿದು. ಅಕ್ಷರ ಕಸಿದವರೇ ಆಮೇಲೆ ಬಂದು ನಿನಗೆ ಅಕ್ಷರ ಇಲ್ಲ, ಅದಕ್ಕೇ ಓಟಿಲ್ಲ ಅನ್ನೋದು ಎಂಥ ನ್ಯಾಯ?

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಎಚ್ಚರಿಸಿದ್ದು ನಿಮಗೆಲ್ಲ ಗೊತ್ತು: ರಾಜಕೀಯದಲ್ಲಿ ಒಬ್ಬನಿಗೆ ಒಂದು ಓಟು, ಒಂದು ಓಟಿಗೆ ಒಂದೇ ಬೆಲೆ, ಸಮಾಜದಲ್ಲಿ ಮಾತ್ರ ಅಸಮಾನತೆ. ನಾವು ಇದನ್ನು ಪ್ರತಿ ಏಪ್ರಿಲ್ 14ಕ್ಕೆ ಮೈಕಿನಲ್ಲಿ ಕೂಗುತ್ತೇವೆ. ಅದೇ ಸಂವಿಧಾನದ 171ನೇ ವಿಧಿಯೊಳಗೆ ರಾಜಕೀಯದಲ್ಲೂ ಒಂದು ಸಣ್ಣ ಮೇಲುಕೀಳು ಕೂತಿದೆ ಅಂತ ಹೇಳೋಕೆ ಯಾಕೆ ಹಿಂಜರಿಯಬೇಕು? ಬಾಬಾಸಾಹೇಬರನ್ನು ಓದಿದವನೇ ಅದನ್ನು ಹೇಳಬೇಕು.

"ಪಂಚಾಯ್ತಿ ಸದಸ್ಯರಿಗೂ ಹೆಚ್ಚಿನ ಓಟು ಇದೆಯಲ್ಲ" ಅಂತ ಗೆಳೆಯರೊಬ್ಬರು ಕೇಳಿದರು. ಇದೆ. ನಮ್ಮ ಕೇರಿಯಿಂದ ಗೆದ್ದ ಹೆಣ್ಣುಮಗಳಿಗೂ ಇದೆ. ಆದರೆ ಅವಳ ಓಟು ಊರಿನವರು ಕೊಟ್ಟ ಕಡ. ಸರಿಯಾಗಿ ನಡೆಯದಿದ್ದರೆ ಐದು ವರ್ಷಕ್ಕೆ ಕಿತ್ತುಕೊಳ್ಳುತ್ತಾರೆ. ನನ್ನ ಡಿಗ್ರಿ ಓಟನ್ನು ಕಿತ್ತುಕೊಳ್ಳೋರು ಯಾರು? ಜುಟ್ಟು ಜನಿವಾರದ ಹಾಗೆ ಅದು ಮೈಗೆ ಅಂಟಿಕೊಂಡಿರುತ್ತದೆ. ಹುಟ್ಟಿನಿಂದ ಬರೋದಿಲ್ಲ, ಅಷ್ಟೇ ವ್ಯತ್ಯಾಸ.

ಕಾನೂನಿನ ಇನ್ನೊಂದು ತಮಾಷೆ ಕೇಳಿ. ಪದವೀಧರ ಕ್ಷೇತ್ರದಲ್ಲಿ ನಿಲ್ಲುವವನು ಪದವೀಧರನೇ ಆಗಬೇಕಿಲ್ಲ ಅಂತ 1972ರಲ್ಲಿ ಮದರಾಸಿನ ಕಡೆಯ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಮಾಡೋಕೆ ಡಿಗ್ರಿ ಬೇಡ, ಆ ಕಾನೂನು ಮಾಡುವವನನ್ನು ಆರಿಸೋಕೆ ಡಿಗ್ರಿ ಬೇಕು! ಶಿಕ್ಷಕರ ಕ್ಷೇತ್ರದ ಕತೆಯೂ ಇಂಥದ್ದೇ. ಹೈಸ್ಕೂಲಿಗಿಂತ ಕೆಳಗೆ ಪಾಠ ಮಾಡುವವರು ಅಲ್ಲಿ ಶಿಕ್ಷಕರೇ ಅಲ್ಲ. ನನಗೆ ಮರಳಿನ ಮೇಲೆ ಕೈಹಿಡಿದು ಅ ಆ ತಿದ್ದಿಸಿದ ಪ್ರೈಮರಿ ಮೇಷ್ಟ್ರಿಗೆ ಶಿಕ್ಷಕರಾಗಿ ಓಟಿಲ್ಲ. ಈ ಪತ್ರಿಕೆ ಓದುವ ಎಷ್ಟೋ ಜನರಿಗೂ ಇಲ್ಲ.

ಪರಿಷತ್ತಿಗೆ ಏನು ಅಧಿಕಾರ ಇದೆ, ಬಿಡಿ ಅನ್ನೋರಿದ್ದಾರೆ. ದುಡ್ಡಿನ ಮಸೂದೆಯನ್ನು ಅದು 14 ದಿನಕ್ಕಿಂತ ಹೆಚ್ಚು ಹಿಡಿಯಲಾರದು ನಿಜ. ಉಳಿದ ಮಸೂದೆಗಳನ್ನು ಕೆಲವು ತಿಂಗಳು ತಡೆಯಬಹುದು, ಅಷ್ಟೆ. ಆದರೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತು, ಬೇಸಾಯ ಮಾಡದ ದುಡ್ಡಿನವನೂ ಹೊಲ ಕೊಳ್ಳಬಹುದು ಅಂತ ಮಾಡಿದಾಗ, 2020ರ ಡಿಸೆಂಬರಿನಲ್ಲಿ ಈ ಮನೆಯೂ ಹೂಂ ಅಂದಿತು. ತುಂಡು ನೆಲಕ್ಕೆ ಜೀವ ತೇಯ್ದವರಿಗೆ ಗೊತ್ತು ಅದೆಷ್ಟು ಸಣ್ಣ ವಿಷಯ ಅಂತ. ಅದೇ ತಿಂಗಳು 15ನೇ ತಾರೀಕು ಇದೇ ಚಿಂತಕರ ಚಾವಡಿಯಲ್ಲಿ ಉಪಸಭಾಪತಿಯವರನ್ನು ಪೀಠದಿಂದ ಎಳೆದಾಡಿದ್ದನ್ನು ನಾಡೇ ಟೀವಿಯಲ್ಲಿ ನೋಡಿತು. ನಮ್ಮ ಕೇರಿ ಪಂಚಾಯ್ತಿಯಲ್ಲಿ ಹೀಗೆ ನಡೆದಿದ್ದರೆ ಇವರಿಗೆ ಸಂಸ್ಕೃತಿ ಇಲ್ಲ ಅಂತಿದ್ದರು.

ಪರಿಷತ್ತೇ ಬೇಡ ಅನ್ನೋಣವೆ? ತಮಿಳುನಾಡಿನಲ್ಲಿ 1986ರಲ್ಲಿ ಅದನ್ನು ಮುಚ್ಚಿದರು, ಅಲ್ಲಿ ಆಕಾಶವೇನೂ ಬೀಳಲಿಲ್ಲ. ಆಂಧ್ರದವರು 1985ರಲ್ಲಿ ಮುಚ್ಚಿ 2007ರಲ್ಲಿ ಮತ್ತೆ ತೆರೆದರು. ನನಗಿಲ್ಲಿ ಒಂದು ಅಳುಕಿದೆ. 1988ರಲ್ಲಿ ಕವಿ ಸಿದ್ಧಲಿಂಗಯ್ಯನವರು ಪರಿಷತ್ತಿನ ಒಳಗೆ ಹೋದರು. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲೊಬ್ಬರು, ದುಡ್ಡಿಲ್ಲದವರು, ಚುನಾವಣೆಯ ಕಣಕ್ಕಿಳಿದು ಅಲ್ಲಿಗೆ ಮುಟ್ಟುತ್ತಿದ್ದರೇ? ಅವರು ಸದನದಲ್ಲಿ ಆಡಿದ ಮಾತು ಪುಸ್ತಕವೂ ಆಗಿದೆ. ಅಂಥವರಿಗೆ ಒಂದು ಬಾಗಿಲು ಇರಲಿ ಅನ್ನೋ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಅದು ನಾಮಕರಣದ ಬಾಗಿಲು. ಅದನ್ನು ಉಳಿಸಿಕೊಳ್ಳೋಕೆ ನನ್ನ ಎರಡನೇ ಓಟನ್ನೂ ಉಳಿಸಬೇಕಾಗಿಲ್ಲ.

ಹಾಗಾದರೆ ಈ ಓಟು ಹಾಕದೆ ಕೂರಲೆ? ಸಂಘಟನೆಯ ಕೆಲವು ಗೆಳೆಯರ ಸಲಹೆ ಇದೇ. ನಾನು ಒಪ್ಪುವುದಿಲ್ಲ. ನಾನು ಕೂತರೆ ಅವ್ವನಿಗೆ ಇನ್ನೊಂದು ಓಟು ಬರೋದಿಲ್ಲ. ಕಾಲೇಜು ನಡೆಸುವ ಧಣಿಗಳು ತಮ್ಮವರ ಹೆಸರನ್ನು ಕಂತೆಕಂತೆಯಾಗಿ ಪಟ್ಟಿಗೆ ಸೇರಿಸುತ್ತಾರೆ, ನಮ್ಮ ಹಾಸ್ಟೆಲಿನ ಹುಡುಗರು ಶುದ್ಧವಾಗಿ ಹೊರಗಿರುತ್ತಾರೆ. ಇಂಥ ಮಡಿ ನಮಗೆ ಯಾಕೆ? ನನ್ನ ಡಿಗ್ರಿಗೆ ಅವ್ವನ ಕೂಲಿ, ಸರ್ಕಾರಿ ಹಾಸ್ಟೆಲಿನ ಅನ್ನ, ಜನರ ತೆರಿಗೆ ಎಲ್ಲ ಸೇರಿದೆ. ಆದ್ದರಿಂದ ಈ ಓಟು ನನ್ನದಲ್ಲ, ನನ್ನ ಹತ್ತಿರ ಇಟ್ಟದ್ದು. ಮತಪತ್ರದ ಮೇಲೆ ಒಂದು, ಎರಡು ಅಂತ ಅಂಕಿ ಬರೆಯುವ ಮೊದಲು ಕೇರಿಯ ಕಟ್ಟೆ ಮೇಲೆ ಕೂತು ಹೆಸರುಗಳನ್ನು ಓದಿ ಹೇಳುತ್ತೇನೆ. ಕೂಲಿ, ನೆಲ, ಹಾಸ್ಟೆಲು, ಇವುಗಳ ಬಗ್ಗೆ ಯಾರು ಏನಂದಿದ್ದಾರೆ ಅನ್ನೋದನ್ನೂ ಹೇಳುತ್ತೇನೆ. ಅವರು ಹೇಳಿದ್ದನ್ನು ಕೇಳಿಕೊಂಡು ಹೋಗುತ್ತೇನೆ. ಓಟು ಕೇಳೋಕೆ ಬಂದವರಿಗೆ ಒಂದು ಪ್ರಶ್ನೆಯೂ ಉಂಟು: ಪದವೀಧರ ಕ್ಷೇತ್ರವನ್ನೇ ತೆಗೆಯಿರಿ ಅಂತ ಸದನದಲ್ಲಿ ಎದ್ದು ನಿಂತು ಹೇಳ್ತೀರಾ? ಇಲ್ಲಿ ತನಕ ನಗದೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ.

ಹಾಸ್ಟೆಲಿನಿಂದ ಓದಿ ಬಂದ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಈ ಪಟ್ಟಿಗೆ ಹೆಸರು ತಾನಾಗಿ ಸೇರುವುದಿಲ್ಲ. ಹೋದ ಸಲ ಇತ್ತು ಅಂತ ಈ ಸಲವೂ ಇರೋದಿಲ್ಲ, ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಮಾಡುತ್ತಾರೆ. ಫಾರಂ 18 ತುಂಬಿ, ಡಿಗ್ರಿಯ ನಕಲಿಗೆ ದೃಢೀಕರಣ ಹಾಕಿಸಿ ನೀವೇ ಕೊಡಬೇಕು. ಆ ವರ್ಷದ ನವೆಂಬರ್ 1ಕ್ಕೆ ಮುಂಚೆ ಡಿಗ್ರಿ ಬಂದು ಮೂರು ವರ್ಷ ತುಂಬಿರಬೇಕು.