ಬರೆದಿಟ್ಟವರ ಋಣ

ನಿಮ್ಮ ಧರ್ಮಕೇಂದ್ರದಲ್ಲಿಯೂ ಇಂಥ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಮೂವತ್ತು, ಮೂವತ್ತೈದು ವರ್ಷ ಸರಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಕಂದಾಯವೋ, ಅಂಚೆಯೋ, ರೈಲ್ವೆಯೋ, ಶಿಕ್ಷಣ ಇಲಾಖೆಯೋ, ಯಾವುದಾದರೂ ಇರಲಿ. ಬೆಳಗಿನ ಪೂಜೆ ತಪ್ಪಿಸುವವರಲ್ಲ. ಸಂಜೆ ಮನೆಮಂದಿಯನ್ನೆಲ್ಲ ಕೂಡಿಸಿ ಜಪಸರ ಹೇಳಿಸುವವರು. ಉಳಿದ ವೇಳೆಯಲ್ಲಿ ಅವರ ಮುಂದೆ ಸದಾ ಒಂದು ನೋಟ್‌ಬುಕ್ಕು. ಯಾರ ಮನೆತನ ಯಾವ ಊರಿನಿಂದ ಬಂತು, ದೇವಾಲಯದ ಗಂಟೆ ಯಾರು ಕೊಟ್ಟದ್ದು, ಪ್ಲೇಗು ಬಂದ ವರ್ಷ ಯಾವ ಮನೆಯಲ್ಲಿ ಎಷ್ಟು ಜನ ತೀರಿಕೊಂಡರು ಎಂದು ಬರೆಯುತ್ತಲೇ ಇರುತ್ತಾರೆ. ಮಕ್ಕಳು ನಗುತ್ತಾರೆ. ಸೊಸೆ ಕಾಗದದ ರಾಶಿಯ ಮೇಲಿನ ಧೂಳು ಒರೆಸಿ ಸುಮ್ಮನಾಗುತ್ತಾಳೆ.

ಒಂದು ದಿನ ದೇವರು ಅವರನ್ನು ಕರೆದುಕೊಳ್ಳುತ್ತಾರೆ. ಪೂಜೆಯ ಕೊನೆಗೆ ಯಾರೋ ಎದ್ದು ನಿಂತು ನಾಲ್ಕು ಒಳ್ಳೆಯ ಮಾತು ಆಡುತ್ತಾರೆ: ಪ್ರಾಮಾಣಿಕ ಅಧಿಕಾರಿ, ಕುಟುಂಬವತ್ಸಲ, ದೈವಭಕ್ತ, ಇತಿಹಾಸಪ್ರೇಮಿ. ತಿಂಗಳ ಪೂಜೆ ಮುಗಿದ ಮೇಲೆ ಕಪಾಟು ಖಾಲಿಯಾಗುತ್ತದೆ. ನೋಟ್‌ಬುಕ್ಕುಗಳು ಕಿಲೋ ಲೆಕ್ಕದಲ್ಲಿ ರದ್ದಿಯವನ ತಕ್ಕಡಿ ಏರುತ್ತವೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ನಮ್ಮೆಲ್ಲರ ನೆನಪನ್ನು ಕಾಯ್ದವರಿಗೆ ನಾವು ಸಲ್ಲಿಸಬೇಕಾದ್ದು ಏನು? ಹೊಗಳಿಕೆಯೊಂದೇ ಸಾಕೇ?

ಹಲಸಿಯ ತಾಮ್ರಪಟಗಳು

ಉತ್ತರ ಹುಡುಕುತ್ತ ಬಹುದೂರ ಹೋಗಬೇಕಾಗಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ, ಅಲ್ಲಿಂದ ನಂದಗಡದ ದಾರಿ ಹಿಡಿದು ಹಲಸಿಗೆ ಹೋದರೆ ಸಾಕು. ಇಂದು ಸಣ್ಣ ಹಳ್ಳಿಯಾಗಿರುವ ಹಲಸಿ ಒಂದು ಕಾಲಕ್ಕೆ ಪಲಾಶಿಕಾ ಎಂಬ ಪಟ್ಟಣ. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿ. ಹತ್ತೊಂಬತ್ತನೆಯ ಶತಮಾನದಲ್ಲಿ ಊರಾಚೆಯ ಒಂದು ದಿಬ್ಬದಲ್ಲಿ ಕದಂಬರ ಕಾಲದ ತಾಮ್ರಪಟಗಳು ದೊರೆತವು. ಸುಮಾರು 1500 ವರ್ಷ ಹಳೆಯವು.

ಅವುಗಳಲ್ಲಿ ಒಂದು ರಾಜ ಕಾಕುಸ್ಥವರ್ಮನದು. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಅವನು ಒಂದು ಹೊಲವನ್ನು ಕೊಟ್ಟದ್ದನ್ನು ಅದು ಹೇಳುತ್ತದೆ. ಕಾಕುಸ್ಥವರ್ಮನ ಮೊಮ್ಮಗ ಮೃಗೇಶವರ್ಮನ ಶಾಸನ ಇನ್ನೊಂದು ಸಂಗತಿ ತಿಳಿಸುತ್ತದೆ: ತೀರಿಹೋದ ತಂದೆಯ ಮೇಲಿನ ಭಕ್ತಿಯಿಂದ ಅವನು ಪಲಾಶಿಕೆಯಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿ 33 ನಿವರ್ತನ ಭೂಮಿಯನ್ನು ಬಿಟ್ಟನು. ಮುಂದೆ ರವಿವರ್ಮನ ಕಾಲದ ಶಾಸನದಲ್ಲಿ ಅದೇ ಶ್ರುತಕೀರ್ತಿಯ ಹೆಸರು ಮತ್ತೆ ಬರುತ್ತದೆ. ದಾಮಕೀರ್ತಿ, ಅವನ ತಾಯಿ, ಅವನ ಹಿರಿಯ ಮಗ ಜಯಕೀರ್ತಿ ಎಂದು ತಲೆಮಾರುಗಳ ಎಳೆ ಮುಂದುವರಿಯುತ್ತದೆ. ಪ್ರತಿವರ್ಷ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕೆಂಬ ಕಟ್ಟಳೆಯೂ ಅಲ್ಲಿದೆ.

ಗಮನಿಸಿ, ವಾಚಕರೇ. ರಾಜ್ಯದ ಸೇವಕನೊಬ್ಬ, ಅವನ ಕುಟುಂಬ, ಅವರ ಧರ್ಮ ಮೂರೂ ಆ ತಾಮ್ರದ ಹಲಗೆಗಳಲ್ಲಿ ಒಟ್ಟಿಗಿವೆ. ಅವರ ಧರ್ಮ ನಮ್ಮದಲ್ಲ. ಆದರೂ ಸತ್ತ ತಂದೆಗಾಗಿ ದೇವಾಲಯ ಕಟ್ಟಿಸಿದ ಮಗನ ಹೃದಯ ನಮಗೆ ಅಪರಿಚಿತವೇ? ನವೆಂಬರ್ 2ರಂದು ಸಮಾಧಿಗೆ ಹೂವು, ಮೇಣದ ಬತ್ತಿ ಒಯ್ಯುವಾಗ ನಮ್ಮನ್ನು ನಡೆಸುವುದೂ ಅಂಥದೇ ಪ್ರೀತಿ. ಶ್ರುತಕೀರ್ತಿಯನ್ನು ಹಾಡಿ ಹೊಗಳಿದವರು ಅಂದು ಎಷ್ಟೋ ಮಂದಿ ಇದ್ದಿರಬಹುದು. ನಮ್ಮ ಕೈಸೇರಿದ್ದು ಯಾರೋ ಕುಳಿತು ಕೊರೆದಿಟ್ಟ ಒಂದು ದಾಖಲೆ.

ಆ ದಾಖಲೆಯನ್ನು ಓದಿಸಿದವರೂ ಒಬ್ಬ ಸರಕಾರಿ ನೌಕರರೇ. ಜಾನ್ ಫೇತ್‌ಫುಲ್ ಫ್ಲೀಟ್ 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಸೇರಿದ ಆಂಗ್ಲ ಅಧಿಕಾರಿ. ಕಚೇರಿಯ ಕೆಲಸದ ನಡುವೆ ಸಂಸ್ಕೃತ, ಹಳಗನ್ನಡ ಕಲಿತು ಹಲಸಿಯ ಶಾಸನಗಳನ್ನು ಪ್ರಕಟಿಸಿದರು. 1897ರಲ್ಲಿ ನಿವೃತ್ತರಾದ ಮೇಲೂ 1917ರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸ. ಇನ್ನೂ ಒಂದು ಮಾತು. 1831ರಲ್ಲಿ ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಜನರ ಬಾಯಿಂದ ಸಂಗ್ರಹಿಸಿ ಅಚ್ಚು ಹಾಕಿಸಿದವರು ಇದೇ ಫ್ಲೀಟ್. ತಾವು ಸೇವೆ ಸಲ್ಲಿಸುತ್ತಿದ್ದ ಸರಕಾರದ ವಿರುದ್ಧ ಎದ್ದವನ ಹಾಡು ಅದು. ಅದನ್ನೂ ಅವರು ಬಿಡಲಿಲ್ಲ. ನಿಜವಾದ ಇತಿಹಾಸಪ್ರೇಮಿಗೆ ಇರಬೇಕಾದ ಒಂದು ಗುಣ ಇದು: ತನಗೆ ಅನುಕೂಲವಾದದ್ದನ್ನಷ್ಟೇ ಆರಿಸಿ ಬರೆಯದಿರುವುದು.

ನಮ್ಮವರಲ್ಲಿಯೂ ಇಂಥವರಿದ್ದರು. ಮಂಗಳೂರಿನ ಕಥೋಲಿಕರಾದ ಜೆ. ಎ. ಸಲ್ಡಾನ್ಹಾ ಮುಂಬಯಿ ಪ್ರಾಂತದ ಸೇವೆಯಲ್ಲಿದ್ದವರು. ಭಾರತ ಸರಕಾರಕ್ಕಾಗಿ 1903ರಿಂದ 1908ರ ತನಕ ಪರ್ಶಿಯನ್ ಕೊಲ್ಲಿಯ ದೇಶಗಳ ಕಡತಗಳನ್ನೆಲ್ಲ ಓದಿ ಸಂಪುಟಗಟ್ಟಲೆ ಸಾರಾಂಶ ಸಿದ್ಧಪಡಿಸಿದರು. ಕೊಂಕಣಿ ಜನರ ಚರಿತ್ರೆಯ ಬಗ್ಗೆಯೂ ಬರೆದರು. ಕೊಲ್ಲಿ ದೇಶಗಳ ಇತಿಹಾಸ ಬರೆಯುವವರು ಇಂದಿಗೂ ಅವರ ಸಂಪುಟಗಳನ್ನು ತೆರೆಯುತ್ತಾರೆ. ನಮ್ಮ ಎಷ್ಟು ಮನೆಗಳಿಂದ ಮಕ್ಕಳು ದುಡಿಯಲು ಕೊಲ್ಲಿಗೆ ಹೋಗಿದ್ದಾರೆ! ಅವರಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದಾರೆ?

ಧರ್ಮಸಭೆ ಮತ್ತು ದಾಖಲೆ

ಬರೆದಿಡುವುದಕ್ಕೂ ವಿಶ್ವಾಸಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನಮ್ಮದು ಒಂದು ಕಾಲದಲ್ಲಿ, ಒಂದು ಊರಿನಲ್ಲಿ ನಡೆದ ಘಟನೆಯ ಮೇಲೆ ನಿಂತ ವಿಶ್ವಾಸ. ಪ್ರಭು ಯೇಸುವಿನ ಜನನದ ವೃತ್ತಾಂತವನ್ನು ಸಂತ ಲೂಕರು ಒಂದು ಜನಗಣತಿಯಿಂದ ಆರಂಭಿಸುತ್ತಾರೆ. ತಾವು ಎಲ್ಲವನ್ನೂ ವಿಚಾರಿಸಿ ತಿಳಿದು ಕ್ರಮವಾಗಿ ಬರೆಯುತ್ತಿರುವುದಾಗಿ ಮೊದಲಿಗೇ ಹೇಳುತ್ತಾರೆ. ಸಂತ ಮತ್ತಾಯರಂತೂ ಸುಂಕದ ಕಟ್ಟೆಯಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದವರು.

1563ರಲ್ಲಿ ಟ್ರೆಂಟ್ ಮಹಾಸಭೆ ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ವಿಧಿಸಿತು. ಇಂದಿನ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ನಿಯಮವೂ ಪ್ರತಿ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕ ಇರಬೇಕು, ಹಳೆಯ ಪುಸ್ತಕಗಳನ್ನು ಜೋಪಾನವಾಗಿಡಬೇಕು ಎನ್ನುತ್ತದೆ. ಜಮೀನ್ದಾರನ ಮಗುವೂ ಕೂಲಿಯವಳ ಮಗುವೂ ಒಂದೇ ಪುಟದಲ್ಲಿ, ಒಂದೇ ಶಾಯಿಯಲ್ಲಿ. ಸರಕಾರದ ಜನನ ಪತ್ರ ಇಲ್ಲದ ಎಷ್ಟೋ ಬಡವರಿಗೆ ವಯಸ್ಸಿನ ಆಧಾರವಾಗಿ ನಿಂತದ್ದು ಈ ಪುಸ್ತಕದ ಒಂದು ಸಾಲು.

ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಬೆಳಗಾವಿಯ ಸಂತ ಪೌಲರ ಶಾಲೆಯಾದರೋ 1856ರದು. ಅಂದರೆ ಧರ್ಮಪ್ರಾಂತ್ಯಕ್ಕಿಂತ ಬಹು ಮೊದಲೇ ನಮ್ಮವರು ಇಲ್ಲಿ ಬೇರೂರಿದ್ದರು. 1956ರ ತನಕ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಹೀಗಾಗಿ ನಮ್ಮ ಮನೆಗಳ ಕಾಗದ ಒಂದೇ ಭಾಷೆಯದಲ್ಲ. ಮನೆಯ ಪತ್ರ ಕೊಂಕಣಿಯಲ್ಲಿ, ಜಮೀನಿನ ಹಳೆಯ ಕಾಗದ ಮರಾಠಿಯ ಮೋಡಿ ಲಿಪಿಯಲ್ಲಿ, ಕಚೇರಿಯ ಆದೇಶ ಇಂಗ್ಲಿಷಿನಲ್ಲಿ, ಆಮೇಲಿನದು ಕನ್ನಡದಲ್ಲಿ. ಇವೆಲ್ಲವನ್ನೂ ಓದಬಲ್ಲವರು ಹಿಂದಿನ ತಲೆಮಾರಿನ ಸರಕಾರಿ ನೌಕರರೇ. ಅಂಥವರೊಬ್ಬರು ಹೋದಾಗ ಓದುವ ಕಣ್ಣೇ ಹೋದಂತೆ. ಅವರು ಓದಿ, ಅರ್ಥ ಮಾಡಿ ಬರೆದಿಟ್ಟ ಟಿಪ್ಪಣಿಯನ್ನೂ ರದ್ದಿಗೆ ಹಾಕಿದರೆ ಮುಂದಿನವರು ಯಾರನ್ನು ಕೇಳಬೇಕು?

ಸತ್ಯವೂ ಪ್ರೀತಿಯೂ

ಸತ್ತ ಎಮ್ಮೆ ಮಣಗಟ್ಟಲೆ ಹಾಲು ಕೊಡುತ್ತಿತ್ತಂತೆ ಎಂಬ ಗಾದೆಯನ್ನು ನಮ್ಮ ಮರಾಠಿ ನೆರೆಹೊರೆಯವರು ಹೇಳುವುದುಂಟು. ಮರಣದ ನಂತರದ ಹೊಗಳಿಕೆಗೆ ಅಳತೆಯಿಲ್ಲ. ಜೀವಮಾನವೆಲ್ಲ ತಾರೀಖು ಸರಿಯಿದೆಯೇ, ಹೆಸರು ಸರಿಯಿದೆಯೇ ಎಂದು ಒದ್ದಾಡಿದ ಮನುಷ್ಯನಿಗೆ ಸುಳ್ಳು ಹೊಗಳಿಕೆ ಗೌರವವಾದೀತೇ?

ಸಂತ ಮತ್ತಾಯರ ಶುಭಸಂದೇಶದ ಮೊದಲ ಅಧ್ಯಾಯವನ್ನು ಓದಿ ನೋಡಿ. ಪ್ರಭುವಿನ ವಂಶಾವಳಿಯಲ್ಲಿ ತಾಮಾರಳಿದ್ದಾಳೆ, ರಾಹಾಬಳಿದ್ದಾಳೆ, ಅನ್ಯಜನಾಂಗದ ರೂತಳಿದ್ದಾಳೆ, ದಾವಿದನು ಅಪಹರಿಸಿದ ಊರೀಯನ ಹೆಂಡತಿಯ ಉಲ್ಲೇಖವೂ ಇದೆ. ನಾವಾಗಿದ್ದರೆ ಮುಚ್ಚಿಡುತ್ತಿದ್ದೆವು. ನಮ್ಮಲ್ಲಿ ಕೆಲವರು ಮನೆತನದ ಇತಿಹಾಸ ಹುಡುಕುವುದೇ ತಮ್ಮ ಪೂರ್ವಜರು ಮೇಲು ಜಾತಿಯವರಾಗಿದ್ದರು ಎಂದು ಹೇಳಿಕೊಳ್ಳಲು. ಆ ಹೆಮ್ಮೆ ಮಕ್ಕಳ ಮದುವೆಯ ಮಾತುಕತೆಗೂ ನುಗ್ಗುತ್ತದೆ. ಕ್ರಿಸ್ತನ ವಂಶಾವಳಿಯನ್ನು ಓದಿದ ಮೇಲೂ ಹೀಗೆಯೇ? ಜ್ಞಾನಸ್ನಾನದಲ್ಲಿ ಹೊಸ ಹುಟ್ಟು ಪಡೆದವರು ಹಳೆಯ ಮೇಲುಕೀಳನ್ನು ಹುಡುಕಿ ತರಲು ಇತಿಹಾಸವನ್ನು ಬಳಸುವುದು ವಿಶ್ವಾಸಕ್ಕೂ ಇತಿಹಾಸಕ್ಕೂ ಮಾಡುವ ದ್ರೋಹ.

ಇಂಗ್ಲೆಂಡಿನ ಸಂತ ಥಾಮಸ್ ಮೋರ್ ಅವರನ್ನು ನೆನೆಯಿರಿ. 1529ರಿಂದ 1532ರ ತನಕ ರಾಜನ ಲಾರ್ಡ್ ಚಾನ್ಸಲರ್. ಮಕ್ಕಳ ಮೇಲೆ ಪ್ರಾಣವಿಟ್ಟ ತಂದೆ. ರಾಜ ಮೂರನೆಯ ರಿಚರ್ಡನ ಚರಿತ್ರೆ ಬರೆಯಲು ಕೈಹಚ್ಚಿದ ಲೇಖಕ. ಮನಸ್ಸಾಕ್ಷಿಗೆ ವಿರುದ್ಧವಾದ ಪ್ರಮಾಣ ಮಾಡದೆ 1535ರ ಜುಲೈ 6ರಂದು ತಲೆ ಕೊಟ್ಟವರು. 2000ದಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರನ್ನು ರಾಜಕಾರಣಿಗಳ ಹಾಗೂ ಆಡಳಿತಗಾರರ ಪಾಲಕ ಸಂತರೆಂದು ಘೋಷಿಸಿದರು. ಆದರೂ ಅವರ ಅಧಿಕಾರದ ಕಾಲದಲ್ಲಿ ಧರ್ಮವಿರೋಧಿಗಳೆನಿಸಿದ ಕೆಲವರನ್ನು ಸುಡಲಾಯಿತು ಎಂಬುದನ್ನು ಇತಿಹಾಸ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಸಂತರ ವಿಷಯದಲ್ಲಿಯೇ ಹೀಗಿರುವಾಗ ನಮ್ಮ ಅಪ್ಪ, ಅಜ್ಜನ ಕೋಪವನ್ನೋ ಹಟವನ್ನೋ ಒಪ್ಪಿಕೊಂಡರೆ ಅವರ ಗೌರವ ಕುಂದುವುದಿಲ್ಲ.

ಹಾಗೆಂದು ನೋಟ್‌ಬುಕ್ಕಿನಲ್ಲಿದ್ದುದೆಲ್ಲವನ್ನೂ ಬೀದಿಗೆ ತರಬೇಕೆಂದಲ್ಲ. ಕಚೇರಿಯಲ್ಲಿದ್ದವರಿಗೆ ಹತ್ತು ಮನೆಗಳ ಗುಟ್ಟು ತಿಳಿದಿರುತ್ತದೆ: ಯಾರ ಸಾಲ, ಯಾರ ಜಗಳ, ಯಾವ ಮಗು ಯಾರದು. ತಕ್ಕ ಕಾರಣವಿಲ್ಲದೆ ಇನ್ನೊಬ್ಬರ ದೋಷವನ್ನು ಬಯಲು ಮಾಡುವುದು ತಪ್ಪು ಎಂಬುದೇ ಧರ್ಮಸಭೆಯ ಬೋಧನೆ. ತಂದೆ ಬಾಯಿ ಬಿಡದೆ ಕಾಯ್ದದ್ದನ್ನು ಮಕ್ಕಳೂ ಕಾಯಬೇಕು.

ಹೆಸರಿಲ್ಲದ ತಾಯಿ

ಹಲಸಿಯ ಶಾಸನಕ್ಕೆ ಇನ್ನೊಮ್ಮೆ ಹಿಂತಿರುಗೋಣ. ಅಲ್ಲಿ ಶ್ರುತಕೀರ್ತಿಗೆ ಹೆಸರಿದೆ, ದಾಮಕೀರ್ತಿಗೆ ಹೆಸರಿದೆ, ಜಯಕೀರ್ತಿಗೆ ಹೆಸರಿದೆ. ಆ ತಾಯಿ ಮಾತ್ರ ‘ದಾಮಕೀರ್ತಿಯ ತಾಯಿ’. ಅಷ್ಟೇ. ನಮ್ಮ ಸಮಾಧಿಗಳ ಕಲ್ಲು ನೋಡಿ, ನಮ್ಮ ವಂಶವೃಕ್ಷಗಳನ್ನು ನೋಡಿ. ಇಂಥವರ ಹೆಂಡತಿ, ಇಂಥವರ ತಾಯಿ ಎಂಬಲ್ಲಿಗೇ ಎಷ್ಟು ಹೆಂಗಸರ ಕಥೆ ನಿಂತುಹೋಗಿದೆ!

ಗಂಡ ನಿವೃತ್ತರಾಗಿ ಇತಿಹಾಸ ಹುಡುಕುತ್ತ ಖಾನಾಪುರದ ಹಳ್ಳಿ ಹಳ್ಳಿ ತಿರುಗುವಾಗ ಮನೆಯಲ್ಲಿ ಪಿಂಚಣಿಯ ಹಣವನ್ನು ಎಳೆದು ತೂಗಿಸಿದವರು ಯಾರು? ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅತಿಥಿಗೆ ಊಟ ಬಡಿಸಿದವರು ಯಾರು? ಥಾಮಸ್ ಮೋರ್ ಸೆರೆಯಲ್ಲಿದ್ದಾಗ ಅವರ ಊಟ, ವಸತಿಯ ಖರ್ಚಿಗಾಗಿ ಪತ್ನಿ ಆಲಿಸ್ ತಮ್ಮ ಉಡುಪುಗಳನ್ನು ಮಾರಬೇಕಾಯಿತು. ಮಗಳು ಮಾರ್ಗರೆಟ್ ತಂದೆಯ ಪತ್ರಗಳನ್ನು ಕಾಯ್ದಳು; ಅಳಿಯ ವಿಲಿಯಂ ರೋಪರ್ ಮುಂದೆ ಮಾವನ ಜೀವನ ಚರಿತ್ರೆ ಬರೆದನು. ಒಬ್ಬ ಮನುಷ್ಯನ ಸೇವೆ ಎಂದರೆ ಇಡೀ ಮನೆಯ ಸೇವೆ. ಅವರನ್ನು ನೆನೆಯುವಾಗ ಇವರನ್ನು ಬಿಟ್ಟರೆ ದಾಖಲೆ ಅಪೂರ್ಣ.

ಈಗ ಮಾಡಬಹುದಾದದ್ದು

ವಾಚಕರೇ, ಇದಕ್ಕೆ ದೊಡ್ಡ ಹಣ, ದೊಡ್ಡ ಸಂಸ್ಥೆ ಬೇಕಾಗಿಲ್ಲ. ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಅವರ ಕಾಗದಗಳನ್ನು ಒಬ್ಬರಾದರೂ ಓದುವ ತನಕ ಹೊರಹಾಕಬೇಡಿ. ಹಳೆಯ ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆಯಿರಿ. ಗುರುತು ಹಿಡಿಯಬಲ್ಲವರು ಇರುವಾಗಲೇ ಬರೆಯಿರಿ. ಖಾನಾಪುರದ ಮಳೆಗಾಲದ ತೇವವೂ ಗೆದ್ದಲೂ ಯಾರಿಗಾಗಿಯೂ ಕಾಯುವುದಿಲ್ಲ. ಆದ್ದರಿಂದ ಪುಟಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು ಒಂದು ಪ್ರತಿಯನ್ನು ಧರ್ಮಕೇಂದ್ರದ ಗುರುಗಳಿಗೆ ಒಪ್ಪಿಸಿ. ಅಜ್ಜಿಯಂದಿರ ಪೂರ್ಣ ಹೆಸರು, ತವರೂರು ಕೇಳಿ ಬರೆದುಕೊಳ್ಳಿ.

ಎಲ್ಲಕ್ಕಿಂತ ಮಿಗಿಲಾಗಿ, ಆ ಹಿರಿಯರು ಇನ್ನೂ ಬದುಕಿದ್ದರೆ ಈ ಭಾನುವಾರ ಪೂಜೆ ಮುಗಿದ ಮೇಲೆ ಅವರ ಮನೆಗೆ ಹೋಗಿ. ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ. ನೋಟ್‌ಬುಕ್ಕು ತೆರೆಯಲು ಹೇಳಿ, ಒಂದು ಗಂಟೆ ಕುಳಿತು ಕೇಳಿ. ತಾವು ಬರೆದದ್ದನ್ನು ಯಾರೂ ಓದಲಾರರು ಎಂಬ ಕೊರಗಿನಲ್ಲಿ ಅವರು ಕಣ್ಣು ಮುಚ್ಚುವಂತಾಗದಿರಲಿ. ಅಗಲಿದವರಿಗಾಗಿ ಪ್ರಾರ್ಥಿಸುವುದು ನಮ್ಮ ಧರ್ಮ. ಅವರು ನಮಗಾಗಿ ಕಾಯ್ದದ್ದನ್ನು ಮುಂದಿನವರಿಗೆ ಮುಟ್ಟಿಸುವುದೂ ಆ ಪ್ರಾರ್ಥನೆಯದೇ ಒಂದು ಭಾಗ.